ಡೆಸ್ಕ್‌ಟಾಪಿನ ಅಲಂಕಾರವೂ ಸ್ಮೃತಿಭಾವವೂ

ಮೊದಮೊದಲ ಪರ್ಸನಲ್ ಕಂಪ್ಯೂಟರುಗಳ ಪರದೆಯನ್ನು ತಮ್ಮ ಇಷ್ಟದಂತೆ ಸಿಂಗರಿಸಿಕೊಂಡಿದ್ದವರು ಈಗ ಆ ಕಾಲವನ್ನು ಹಂಬಲದಿಂದ ನೆನೆಯುವುದುಂಟು. ನಮ್ಮ ಆಲಂಕಾರಿಕರು ಸ್ಮೃತಿಯನ್ನು 33 ಸಂಚಾರಿಭಾವಗಳಲ್ಲಿ ಒಂದೆಂದು ಎಣಿಸಿದ್ದಾರೆ. ಸಂಚಾರಿಯು ತಾನಾಗಿ ನಿಲ್ಲದು. ಸ್ಥಾಯಿಯೊಂದನ್ನು ಆಶ್ರಯಿಸಿಯೇ ಬರುತ್ತದೆ. ಈ ಹಂಬಲವು ಯಾವುದನ್ನು ಆಶ್ರಯಿಸಿದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಕಳೆದುಹೋದ ತಾರುಣ್ಯದ ಮೇಲಣ ಮಮತೆಯೇ ಅದು ಎಂದು ಹೇಳಿ ಮುಗಿಸುವವರಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸಂಗತಿಗಳನ್ನು ಪರಿಶೀಲಿಸಿದರೆ ಈ ಸಮಾಧಾನ ಸಾಲದೆಂದು ತೋರುತ್ತದೆ.

1984ರ ಮ್ಯಾಕಿಂಟಾಷ್‌ನ ಪರದೆಯಲ್ಲಿ ಕಪ್ಪು ಬಿಳುಪುಗಳ ಹೊರತು ಬೇರೆ ಬಣ್ಣವಿರಲಿಲ್ಲ. ಆದರೂ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಂಟೆಂಟರ ಒಂದು ಚೌಕವಿತ್ತು. ಅದರ 64 ಚುಕ್ಕಿಗಳನ್ನು ಒಂದೊಂದಾಗಿ ಕಪ್ಪಾಗಿಸಿಯೋ ಬಿಳಿಯಾಗಿಸಿಯೋ ಹಿನ್ನೆಲೆಯ ವಿನ್ಯಾಸವನ್ನು ಬಳಸುವವನೇ ರಚಿಸಬಹುದಾಗಿತ್ತು. ಆ ಚೌಕವೇ ಪರದೆಯ ಉದ್ದಗಲಕ್ಕೂ ಪುನರಾವೃತ್ತವಾಗುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ಸಿದ್ಧವಾದ ವರ್ಣಯೋಜನೆಗಳೂ ಇದ್ದುವು. ಕೆಂಪು ಹಳದಿಗಳು ಕಣ್ಣಿಗೆ ರಾಚುವ ‘ಹಾಟ್ ಡಾಗ್ ಸ್ಟ್ಯಾಂಡ್’ ಅವುಗಳಲ್ಲಿ ಒಂದು. ಅದನ್ನು ನೆನೆದು ನಗುವವರು ಅದರ ಸೌಂದರ್ಯಕ್ಕಾಗಿ ನೆನೆಯುತ್ತಿಲ್ಲವೆಂಬುದು ಸ್ಪಷ್ಟ. ಆದುದರಿಂದ ಹಂಬಲದ ಮೂಲ ಅಂದಚಂದಗಳಲ್ಲಿ ಇಲ್ಲ.

ಇಲ್ಲಿ ರಚನೆಗೂ ಆಯ್ಕೆಗೂ ಇರುವ ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. 1995ರಲ್ಲಿ ವಿಂಡೋಸ್ 95ರೊಡನೆ, ಆದರೆ ಬೇರೆಯಾಗಿ, ಮಾರಾಟಕ್ಕೆ ಬಂದ ‘ಪ್ಲಸ್!’ ಎಂಬ ಕಟ್ಟು ಹಿನ್ನೆಲೆ ಚಿತ್ರ, ಬಾಣದ ಗುರುತು, ಧ್ವನಿ ಮೊದಲಾದುವನ್ನು ಒಂದೊಂದು ವಸ್ತುವಿಗೆ ಹೊಂದಿಸಿ ಒಟ್ಟಿಗೆ ಒದಗಿಸಿತು. ಇದು ಆಯ್ಕೆ, 64 ಚುಕ್ಕಿಗಳ ಚೌಕ ರಚನೆ. ಹಳೆಯದನ್ನೆಲ್ಲ ಒಂದೇ ಸ್ವಾತಂತ್ರ್ಯವೆಂದು ಕೊಂಡಾಡುವವರು ಈ ಭೇದವನ್ನು ಮರೆಯುತ್ತಾರೆ. ಸಿದ್ಧ ಉಡುಪಿನ ಕಾಲವೂ ಆಗಲೇ ಆರಂಭವಾಗಿತ್ತು.

ಆದರೂ ನಷ್ಟವೇ ಆಗಿಲ್ಲವೆನ್ನಲಾಗದು. ವಿಂಡೋಸ್ 95ರಲ್ಲಿ ಶೀರ್ಷಿಕೆಪಟ್ಟಿ, ಮೆನು, ಅಕ್ಷರ ಇವುಗಳ ಬಣ್ಣವನ್ನೂ ಗಾತ್ರವನ್ನೂ ಬಿಡಿಬಿಡಿಯಾಗಿ ಬದಲಿಸುವ ಫಲಕವಿತ್ತು. 2012ರ ವಿಂಡೋಸ್ 8ರಲ್ಲಿ ಅದನ್ನು ತೆಗೆದುಹಾಕಲಾಯಿತು. ಎಲ್ಲೆಡೆ ಏಕರೂಪತೆಯಿದ್ದರೆ ಕಲಿಯುವವನಿಗೆ ಸುಲಭ ಎಂಬ ವಾದ ತಳ್ಳಿಹಾಕತಕ್ಕುದಲ್ಲ. ಆದರೆ ಬಣ್ಣಗಳನ್ನು ಬಿಡಿಬಿಡಿಯಾಗಿ ಬದಲಿಸುವ ಅನುಕೂಲವನ್ನು ದೃಷ್ಟಿಮಾಂದ್ಯವುಳ್ಳವರಿಗಾಗಿ ಇರುವ ಹೆಚ್ಚು ವೈದೃಶ್ಯದ ಯೋಜನೆಗಳಲ್ಲಿ ಉಳಿಸಿಕೊಂಡಿರುವುದು ಅರ್ಥಪೂರ್ಣವಾಗಿದೆ. ಒಬ್ಬರಿಗೆ ಅಲಂಕಾರವಾದದ್ದು ಇನ್ನೊಬ್ಬರಿಗೆ ಓದುವ ಸಾಧನ. ಅದನ್ನು ಕೇವಲ ಚಾಪಲ್ಯವೆಂದು ಬಗೆದು ಕಡಿಮೆ ಮಾಡುವಾಗ ಈ ಎರಡನೆಯವರನ್ನು ನೆನೆಯಬೇಕಾಗುತ್ತದೆ.

ಹೀಗೆ ನೋಡಿದಾಗ, ಈ ಸ್ಮೃತಿಯ ಆಶ್ರಯ ಬಣ್ಣವೂ ಅಲ್ಲ, ಬರಿಯ ತಾರುಣ್ಯವೂ ಅಲ್ಲ. ದಿನವೂ ಬಳಸುವ ಉಪಕರಣವನ್ನು ತನ್ನ ಕೈಗೂ ಕಣ್ಣಿಗೂ ಒಗ್ಗಿಸಿಕೊಳ್ಳುವ ಅಧಿಕಾರ. ಹಳೆಯ ಪರದೆಗಳು ಮರಳಿ ಬರಬೇಕಾಗಿಲ್ಲ. ಆ ಅಧಿಕಾರ ಮರಳಬೇಕೆನ್ನುವ ಮಾತನ್ನು ಮಾತ್ರ ಹಂಬಲವೆಂದು ಬದಿಗೊತ್ತದೆ ವಿಚಾರವೆಂದು ಎಣಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.