ಉಂಗುರ ತೊಡಿಸುವ ಕೈ

ನಮ್ಮ ದೇಶದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ದೊಡ್ಡದಾಗಿ ನಡೆದದ್ದರ ಹಿಂದೆ ಸೊರಬ ತಾಲ್ಲೂಕಿನ ಕಾಡೊಂದಿದೆ. 1957ರಲ್ಲಿ ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ತಗುಲಿತು. ವೈರಾಣು ರಷ್ಯಾದ ಉಣುಗುಜ್ವರದ್ದನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳೇ ಉಣುಗು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ನೆರವಿತ್ತಿತು; ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿ ವಲಸೆಯ ಅಧ್ಯಯನಕ್ಕಿಳಿಯಿತು.

ಈಗ ಬೆಂಗಳೂರಿನ ಮಾರತ್ತಹಳ್ಳಿಯ ಕಚೇರಿಗಳಲ್ಲಿ ದುಡಿಯುವ ಎಳೆಯ ಪಕ್ಷಿಪ್ರಿಯರು ಈ ಕೆಲಸವನ್ನು ಸ್ವಂತವಾಗಿ ಶುರುಮಾಡಬಹುದೇ ಎಂದು ಕೇಳುತ್ತಾರೆ. ದೊಡ್ಡನೆಕ್ಕುಂದಿ ಕೆರೆಯಂಚಿಗೆ ಚಳಿಗಾಲದಲ್ಲಿ ಬಂದಿಳಿಯುವ ಕುಂಡೆಕುಸ್ಕ ಹೊರಟದ್ದೆಲ್ಲಿಂದ ಎಂದು ತಿಳಿಯುವ ಹಂಬಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ ತರಬೇತುದಾರರ ಕೈಕೆಳಗೆ ಪಳಗಿದವರು ಹಂತಹಂತವಾಗಿ ಸ್ವತಂತ್ರ ಪರವಾನಗಿ ಪಡೆಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಹಿಡಿಯುವುದೂ ಬೇಟೆಯೇ. ಸಂಶೋಧನೆಗೆಂದೇ ಹಿಡಿಯುವುದಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆನ್‌ಲೈನಿನಲ್ಲಿ ಬಲೆ ಕೊಂಡು ಕೆರೆಯ ಬದಿ ಕಟ್ಟುವವರನ್ನು ನಾನು ಒಪ್ಪಲಾರೆ.

ಕಾಯ್ದೆಗಿಂತ ಮುಖ್ಯ, ಹಕ್ಕಿಯ ಜೀವ. ಮಿಸ್ಟ್ ನೆಟ್ ಎಂಬ ಆ ನವಿರಾದ ಬಲೆಯ ಮಡಿಕೆಗೆ ಬಿದ್ದ ಹಕ್ಕಿಯನ್ನು, ಅದು ನುಗ್ಗಿದ ಕಡೆಯಿಂದಲೇ ಬಿಡಿಸಬೇಕು. ಬಿಸಿಲೇರಿದರೆ, ಮಳೆ ಬಂದರೆ ಬಲೆ ಮುಚ್ಚಬೇಕು. ಕೈಯಲ್ಲಿ ಹಿಡಿದಾಗ ಹಕ್ಕಿಯ ಕುತ್ತಿಗೆ ತೋರುಬೆರಳು, ನಡುಬೆರಳುಗಳ ನಡುವೆ ಇರಬೇಕು, ಬೆನ್ನು ಅಂಗೈಗೆ ಒರಗಿರಬೇಕು. ಎದೆಯನ್ನಂತೂ ಅದುಮಲೇಬಾರದು: ಎದೆಗೂಡು ಅಲುಗಿದರಷ್ಟೇ ಹಕ್ಕಿಗೆ ಉಸಿರು. ಉಂಗುರ ಕಾಲಿನ ಮೇಲೆ ಸರಾಗವಾಗಿ ತಿರುಗಬೇಕು, ಪಾದದ ಮೇಲೆ ಜಾರಬಾರದು. ಜಾತಿಗೊಂದು ಅಳತೆ. ಇದನ್ನು ಯಾವ ವಿಡಿಯೊವೂ ಕಲಿಸದು. ಬಲ್ಲವರ ಪಕ್ಕದಲ್ಲಿ ಕೂತೇ ಕಲಿಯಬೇಕು. ತಮಿಳುನಾಡಿನ ಕೋಡಿಯಕ್ಕರೈಯಲ್ಲಿ ಸೊಸೈಟಿ ಬಹುಕಾಲ ನಡೆಸಿದ ಕೆಲಸ ಇಂಥ ಕೈಗಳನ್ನು ಪಳಗಿಸಿದೆ.

ಹಾಗೆ ಕೈ ಪಳಗುವವರೆಗೆ ಬೇರೆಯವರು ತೊಡಿಸಿದ ಗುರುತುಗಳನ್ನು ಓದಿ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರವನ್ನು ದೂರದಿಂದ ಓದಿದವರು ಪಕ್ಷಿವೀಕ್ಷಕರೇ. ಬಲೆಯಿಲ್ಲದೆ, ಪರವಾನಗಿಯಿಲ್ಲದೆ ಮಾಡಬಹುದಾದ ಕೆಲಸವಿದು. ಉಂಗುರವಿರುವ ಹಕ್ಕಿ ಕಂಡರೆ ಸ್ಥಳ, ದಿನಾಂಕ, ಯಾವ ಕಾಲು, ಬಣ್ಣ, ಅಂಕಿ ಗುರುತಿಟ್ಟುಕೊಳ್ಳಿ. ಫೋಟೊ ಸಮೇತ ಮುಂಬೈಯ ಸೊಸೈಟಿಗೆ ದಯವಿಟ್ಟು ಬರೆದು ಕಳಿಸಿ.