ಕ್ರಯಪತ್ರದ ಕೊನೆಯ ಪುಟ

ಮನೆ ತೆಗೆದುಕೊಳ್ಳಲು ಹೊರಟವರಿಗೆ ಬುದ್ಧಿ ಹೇಳುವವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಇ.ಸಿ. ತೆಗೆಸಿದಿರಾ?’ ಬ್ಯಾಂಕಿನ ವಕೀಲರು, ಭಾನುವಾರದ ಪುರವಣಿಯಲ್ಲಿ ಸಲಹೆ ಬರೆಯುವವರು, ಬ್ರೋಕರು, ಹೋದ ವರ್ಷವಷ್ಟೇ ಗೃಹಪ್ರವೇಶ ಮುಗಿಸಿ ದೊಡ್ಡ ತಜ್ಞನಾಗಿರುವ ಭಾವಮೈದ, ಎಲ್ಲರೂ ಇದನ್ನೇ ಕೇಳುತ್ತಾರೆ. ಇ.ಸಿ. (ಋಣಭಾರ ಪ್ರಮಾಣಪತ್ರ) ‘ಕ್ಲೀನ್’ ಇದೆ ಎಂದರೆ ಮುಗಿಯಿತು, ಅಡ್ವಾನ್ಸ್ ಕೊಡಲು ಅಡ್ಡಿಯಿಲ್ಲ. ಆಮೇಲೆ ಕ್ರಯಪತ್ರದ ಕರಡು ಬರುತ್ತದೆ. ಹೆಸರು, ಇನಿಷಿಯಲ್ಲು, ಆಧಾರ್ ಸಂಖ್ಯೆ, ಚೆಕ್ಕಿನ ವಿವರ ಸರಿಯಿದೆಯೇ ಎಂದು ಮೊದಲ ಪುಟಗಳನ್ನು ಬೆರಳಿಟ್ಟು ಓದುತ್ತಾರೆ. ‘ಷೆಡ್ಯೂಲ್’ ಎಂಬ ತಲೆಬರಹದ ಕೊನೆಯ ಪುಟ ಬರುವ ಹೊತ್ತಿಗೆ ಕಣ್ಣು ಸೋತಿರುತ್ತದೆ, ಕಾಫಿಯೂ ಬಂದಿರುತ್ತದೆ.

ಕ್ರಯಪತ್ರವನ್ನು ಒಂದು ಬರಹ ಎಂದುಕೊಂಡು ಓದಿದರೆ, ಅದರಲ್ಲಿ ದುಡಿಯುವ ಗದ್ಯ ಇರುವುದು ಆ ಕೊನೆಯ ಪುಟದಲ್ಲೇ, ಸ್ವತ್ತಿನ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯ ನಾಲ್ಕು ಸಾಲುಗಳಲ್ಲಿ. ಅದಕ್ಕೆ ಸಲ್ಲಬೇಕಾದ ಗೌರವವನ್ನು ಇ.ಸಿ. ಒಂದು ಕಡೆಯಿಂದ, ಮೊದಲ ಪುಟಗಳ ಅಬ್ಬರ ಇನ್ನೊಂದು ಕಡೆಯಿಂದ ಹಂಚಿಕೊಂಡು ತಿಂದಿವೆ ಎಂಬುದು ನನ್ನ ತಕರಾರು.

ಇ.ಸಿ.ಯನ್ನು ಬೇಗ ಮುಗಿಸಿಬಿಡುತ್ತೇನೆ. ಅದು ನೋಂದಣಿಯಾದ ವ್ಯವಹಾರಗಳ ಪಟ್ಟಿ, ಅದಕ್ಕಿಂತ ಹೆಚ್ಚೇನಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಅದೂ ಅಡಮಾನವೇ. ಅದನ್ನು ನೋಂದಾಯಿಸದೆ ಬಿಟ್ಟಿದ್ದರೆ ಇ.ಸಿ.ಯಲ್ಲಿ ಸುಳಿವೂ ಸಿಗುವುದಿಲ್ಲ. ಅಂಥ ಸಾಲಗಳನ್ನು ಹಿಡಿಯಲೆಂದೇ 2011ರಲ್ಲಿ ಸೆರ್ಸಾಯ್ ಎಂಬ ಬೇರೆಯದೇ ಕೇಂದ್ರ ದಾಖಲೆ ಶುರುವಾಯಿತು. ನೋಂದಣಿ ಮಾಡಿಸದ ಉಯಿಲು, ಬಾಯಿಮಾತಿನ ಪಾಲುಪಟ್ಟಿ, ಪಾಲು ಕೇಳದೆ ಇದುವರೆಗೆ ಸುಮ್ಮನಿರುವ ಅಕ್ಕತಂಗಿಯರ ಹಕ್ಕು ಇವು ಯಾವುವೂ ಇ.ಸಿ.ಯಲ್ಲಿ ಬರುವುದಿಲ್ಲ. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ಯಾರೂ ಓದದ ಮಾತೊಂದು ಇ.ಸಿ.ಯಲ್ಲೇ ಇದೆ. ಅರ್ಜಿಯಲ್ಲಿ ಸ್ವತ್ತನ್ನು ಹೇಗೆ ವಿವರಿಸಿದ್ದೀರೋ ಆ ವಿವರದ ಮೇಲೆ ಹುಡುಕಿದ್ದೇವೆ, ಬೇರೆ ರೀತಿ ವಿವರಿಸಿ ನೋಂದಾಯಿಸಿದ ಪತ್ರಗಳಿದ್ದರೆ ಅವು ಇದರಲ್ಲಿ ಸೇರಿಲ್ಲ ಎಂದು ಹೇಳಿ ಇಲಾಖೆ ಅಲ್ಲೇ ಕೈತೊಳೆದುಕೊಂಡಿರುತ್ತದೆ. ಒಂದೇ ಹಳ್ಳಿಮನೆಗೆ ಅಪ್ಪನ ಪತ್ರದಲ್ಲಿ ಖಾನೇಷುಮಾರಿ ನಂಬರು, ಮಗನ ಪತ್ರದಲ್ಲಿ ಅಸೆಸ್‌ಮೆಂಟ್ ನಂಬರು, ಮೊಮ್ಮಗನ ಪತ್ರದಲ್ಲಿ ಇ-ಸ್ವತ್ತಿನ ಉದ್ದನೆಯ ಸಂಖ್ಯೆ. ಯಾವುದರ ಮೇಲೆ ಹುಡುಕಿದಿರಿ? ಅಂದರೆ ಎಲ್ಲರೂ ಕೊಂಡಾಡುವ ಇ.ಸಿ. ನಿಂತಿರುವುದೂ ಎಲ್ಲರೂ ಮಗುಚಿಹಾಕುವ ಆ ಕೊನೆಯ ಪುಟದ ಮೇಲೆಯೇ. ಇ.ಸಿ. ಬೇಡ ಎನ್ನುತ್ತಿಲ್ಲ, ಖಂಡಿತ ತೆಗೆಸಿ. ದೇವರ ಪಟದ ಪಕ್ಕ ಮಾತ್ರ ಇಡಬೇಡಿ.

ಮೊದಲ ಪುಟಗಳ ಅಬ್ಬರಕ್ಕೆ ಬಂದರೆ, ಅದಕ್ಕೆ ಎರಡು ಬಗೆಯ ಅಭಿಮಾನಿಗಳಿದ್ದಾರೆ. ‘ನಿಧಿ ನಿಕ್ಷೇಪ ಜಲ ಪಾಷಾಣ’ ಎಂಬ ಪಟ್ಟಿ ಕಂಡರೆ ಪುಳಕಗೊಳ್ಳುವವರು ಒಂದು ಬಗೆ. ಆ ಅಷ್ಟಭೋಗದ ಪಟ್ಟಿ ವಿಜಯನಗರದ ಶಾಸನಗಳಲ್ಲಿತ್ತು, ಈಗಲೂ ನಮ್ಮ ಪತ್ರಗಳಲ್ಲಿ ಉಳಿದಿದೆ ಎಂದು ಹೆಮ್ಮೆಪಡುತ್ತಾರೆ. ಉಳಿದಿದೆ, ನಿಜ. ಆದರೆ ಬ್ರಿಟಿಷರು ನಿಧಿಯ ಕಾಯಿದೆ ತಂದದ್ದು 1878ರಲ್ಲಿ. ಅಲ್ಲಿಂದೀಚೆಗೆ ನೆಲ ಅಗೆಯುವಾಗ ಕೊಪ್ಪರಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ರಾಜ ಅಗ್ರಹಾರ ಬರೆದುಕೊಟ್ಟಾಗ ಆ ಮಾತಿಗೆ ತೂಕವಿತ್ತು, ಕೊಡಲು ಅವನ ಕೈಯಲ್ಲಿ ಅಧಿಕಾರವಿತ್ತು. ಮೂವತ್ತು ನಲವತ್ತರ ಸೈಟು ಮಾರುವ ನಿವೃತ್ತ ಮೇಷ್ಟರು ತಮ್ಮದಲ್ಲದ ನಿಧಿಯನ್ನು ಎಲ್ಲಿಂದ ತಂದು ಕೊಟ್ಟಾರು? ನಾಲ್ಕನೇ ಮಹಡಿಯ ಫ್ಲ್ಯಾಟಿನ ಪತ್ರದಲ್ಲೂ ‘ಜಲ ಪಾಷಾಣ’ ಓದಿದ್ದೇನೆ. ಅದನ್ನು ಪರಂಪರೆ ಎಂದು ಮೆಚ್ಚುವುದಕ್ಕಿಂತ ಅಭ್ಯಾಸಬಲ ಎಂದು ಒಪ್ಪಿಕೊಳ್ಳುವುದು ಮೇಲು.

ಇನ್ನೊಂದು ಬಗೆಯವರು ಭರವಸೆಯ ಕಲಮಿನ ಅಭಿಮಾನಿಗಳು. ಈ ಸ್ವತ್ತಿನ ಮೇಲೆ ಸಾಲ, ಆಧಾರ, ಜಪ್ತಿ, ಜಾಮೀನು, ಜೀವನಾಂಶ, ದಾನ, ಭೋಗ್ಯ ಯಾವುದೂ ಇಲ್ಲ, ಇದ್ದು ತೊಂದರೆಯಾದರೆ ನನ್ನ ಇತರೆ ಸ್ವತ್ತಿನಿಂದ ತುಂಬಿಕೊಡುತ್ತೇನೆ ಎಂದು ಅರ್ಧ ಪುಟ ಹರಿಯುವ ಕಲಮು. ಪಟ್ಟಿ ಉದ್ದವಾದಷ್ಟೂ ಕೊಳ್ಳುವವರಿಗೆ ನೆಮ್ಮದಿ. ಮಾರುವವನಿಗೆ ಮಾರುವ ಹಕ್ಕು ಇದೆ ಎಂಬ ಭರವಸೆಯಾದರೋ, ಬೇರೆ ಕರಾರು ಇಲ್ಲದಿದ್ದರೆ, 1882ರ ಕಾಯಿದೆಯ 55ನೇ ಕಲಮಿನ ಬಲದಿಂದ ಪ್ರತಿ ಕ್ರಯಪತ್ರದಲ್ಲೂ ಬರೆಯದೆಯೇ ಅಡಗಿದೆ. ಉಳಿದದ್ದನ್ನು ವಸೂಲು ಮಾಡುವ ದಿನ ಬಂದಾಗ ಆ ‘ಇತರೆ ಸ್ವತ್ತು’ ಅವನ ಹೆಸರಿನಲ್ಲಿ ಉಳಿದಿರಬೇಕಲ್ಲ!

ಈಗ ಕೊನೆಯ ಪುಟ. ಹಳ್ಳಿಯ ಒಂದು ಸಾಮಾನ್ಯ ಚಕ್ಕುಬಂದಿ ಹೀಗಿರುತ್ತದೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಪಂಚಾಯಿತಿ ರಸ್ತೆ, ದಕ್ಷಿಣಕ್ಕೆ ನನ್ನ ಬಾಬ್ತು ಉಳಿಕೆ ಜಾಗ, ಈ ಮಧ್ಯೆ ಇರುವ, ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 40 ಅಡಿ ಅಳತೆಯುಳ್ಳ ಹೆಂಚಿನ ಮನೆ.

ಅಳತೆ ಬಿಟ್ಟರೆ ಮನೆಯ ಬಗ್ಗೆ ಇಲ್ಲಿ ಹೇಳಿದ್ದು ‘ಹೆಂಚಿನ’ ಎಂಬ ಒಂದೇ ಮಾತು. ಉಳಿದದ್ದೆಲ್ಲ ಮನೆಯಲ್ಲದ್ದರ ವಿವರ. ಸುತ್ತಲಿನ ನಾಲ್ಕನ್ನು ಹೇಳಿ, ನಡುವೆ ಉಳಿದದ್ದು ನಿಮ್ಮದು ಎನ್ನುತ್ತದೆ. ಗ್ರಾಮಠಾಣಾದೊಳಗೆ ಒಂದೊಂದು ಮನೆಗೂ ಸರ್ವೆ ನಕ್ಷೆ ಇರಲಿಲ್ಲ. ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾದದ್ದೇ 2020ರಲ್ಲಿ. ಅಲ್ಲಿಯವರೆಗೆ ಈ ನಾಲ್ಕು ಸಾಲೇ ನಕ್ಷೆ. ಪಕ್ಕದವರ ಹೆಸರು ಬರೆದರೆ ನಾಳೆ ಗಡಿಗೆ ಒಬ್ಬ ಸಾಕ್ಷಿ ಇದ್ದಂತೆ. ನ್ಯಾಯಾಲಯಗಳೂ ಇದನ್ನು ಮನ್ನಿಸಿವೆ. ನಂಬರಿಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಚಕ್ಕುಬಂದಿ ನೋಡಿ ಸ್ವತ್ತನ್ನು ಗುರುತಿಸಬಹುದು, ನಂಬರು ಬರೆಯುವಾಗ ತಪ್ಪಿರಬಹುದು ಎಂದು ಸುಪ್ರೀಂ ಕೋರ್ಟು 1960ರ ದಶಕದ ಆರಂಭದಲ್ಲೇ ಹೇಳಿದೆ. ಅಳತೆಗೂ ಗಡಿಗೂ ಜಗಳ ಬಿದ್ದರೂ ಸಾಮಾನ್ಯವಾಗಿ ಗೆಲ್ಲುವುದು ಗಡಿಯೇ.

ಹಾಗಾದರೆ ನಾಲ್ಕನೆಯ ಸಾಲನ್ನು ಇನ್ನೊಮ್ಮೆ ಓದಿ. ‘ದಕ್ಷಿಣಕ್ಕೆ ನನ್ನ ಬಾಬ್ತು ಉಳಿಕೆ ಜಾಗ.’ ಓಣಿ, ಹಿತ್ತಿಲು, ರಸ್ತೆ ಈ ಮೂರೂ ಪತ್ರ ಬರೆಯುವ ಮೊದಲೇ ನೆಲದ ಮೇಲಿದ್ದವು. ದಕ್ಷಿಣದಲ್ಲಿ ಗೋಡೆಯಿಲ್ಲ, ಬೇಲಿಯಿಲ್ಲ, ಕಲ್ಲು ನೆಟ್ಟಿಲ್ಲ. ಆ ಗಡಿ ಹುಟ್ಟುವುದೇ ಈ ಸಾಲಿನಲ್ಲಿ. ಹುಟ್ಟಬೇಕಾದರೆ ಅದಕ್ಕೆ 40 ಅಡಿಯ ಅಳತೆಯೇ ಗತಿ. ಮೂರು ದಿಕ್ಕಿಗೆ ಗಡಿ ಹೇಳಿದ್ದು ಅಳತೆಗಿಂತ ಮೇಲು, ನಾಲ್ಕನೆಯ ದಿಕ್ಕಿನಲ್ಲಿ ಅಳತೆ ಹೇಳಿದ್ದೇ ಗಡಿ. ಒಂದೇ ಷೆಡ್ಯೂಲಿನಲ್ಲಿ ಎರಡು ನ್ಯಾಯ. ಮಾರುವವನ ಜಾಗ ಒಟ್ಟು 60 ಅಡಿ ಉದ್ದ ಎಂದು ಅವರ ಅಪ್ಪನ ಕಾಲದಿಂದ ಹೇಳಿಕೊಂಡು ಬಂದದ್ದು, ಟೇಪು ಹಿಡಿದರೆ 58 ಬಂತು ಎನ್ನಿ. ಆ ಎರಡು ಅಡಿ ಯಾರ ಪಾಲಿನಲ್ಲಿ ಕಡಿಮೆಯಾಗಬೇಕು? ‘ಉಳಿಕೆ’ ಎಂದಿರುವುದರಿಂದ ಮಾರಿದವನ ಪಾಲಿನಲ್ಲಿ ಎಂದು ಕೊಂಡವನು ಹೇಳುತ್ತಾನೆ. ಅವನ ವಾದಕ್ಕೇ ಬಲ ಹೆಚ್ಚು. ಆದರೆ 40 ಅಡಿಯನ್ನು ಅಳೆಯುವುದು ಎಲ್ಲಿಂದ? ರಸ್ತೆಯ ಅಂಚಿನಿಂದಲೋ, ಚರಂಡಿ ದಾಟಿದ ಮೇಲಿಂದಲೋ? ಪತ್ರ ಬಾಯಿಬಿಡುವುದಿಲ್ಲ.

ಇನ್ನು ‘ನನ್ನ’ ಎನ್ನುವುದು. ಉಳಿದ ಮೂರು ದಿಕ್ಕಿನಲ್ಲಿ ಹೊರಗಿನವರು, ಇಲ್ಲಿ ಮಾತ್ರ ಬರೆದುಕೊಡುವವನೇ ಗಡಿಯಾಗಿ ನಿಂತಿದ್ದಾನೆ. ಅವನು ತೀರಿಕೊಂಡರೆ ಆ ‘ನನ್ನ’ ಮೂವರು ಮಕ್ಕಳಾಗುತ್ತದೆ. ಅವರಲ್ಲೊಬ್ಬ ತನ್ನ ಭಾಗ ಮಾರುವಾಗ ‘ಉತ್ತರಕ್ಕೆ: ನಮ್ಮ ತಂದೆಯವರು ಈ ಹಿಂದೆ ಮಾರಿದ ಸ್ವತ್ತು’ ಎಂದು ಬರೆಸುತ್ತಾನೆ. ಮೊದಲ ಪತ್ರ ಎರಡನೆಯದನ್ನು ತೋರಿಸುತ್ತದೆ, ಎರಡನೆಯದು ಮೊದಲನೆಯದನ್ನು ತೋರಿಸುತ್ತದೆ, ನೆಲವನ್ನು ಎರಡೂ ತೋರಿಸುವುದಿಲ್ಲ. ಎರಡೂ ಇ.ಸಿ.ಯಲ್ಲಿ ‘ಕ್ಲೀನ್’!

ತಿಪಟೂರಿನ ಕಡೆಯ ಒಬ್ಬ ಹಳೆಯ ಪತ್ರಬರಹಗಾರರು ಇಂಥದೊಂದು ಸಾಲು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ‘ಉಳಿಕೆ ಜಾಗ’ ಎಂಬಲ್ಲಿಗೆ ಬಂದು ಪೆನ್ನು ಎತ್ತಿದರು. ‘ಯಜಮಾನ್ರೇ, ಚರಂಡಿ ಬಿಟ್ಟು ನಲವತ್ತೋ, ಸೇರಿಸಿ ನಲವತ್ತೋ?’ ಮಾರುವವರು ಕೊಳ್ಳುವವರ ಮುಖ ನೋಡಿದರು. ‘ಅದೆಲ್ಲ ಯಾಕ್ ಸ್ವಾಮಿ, ನಮ್ ನಮ್ಮಲ್ಲೇ ಐತಲ್ಲ’ ಎಂದರು. ‘ಈಗ ನಿಮ್ ನಿಮ್ಮಲ್ಲೇ ಐತೆ. ಮುಂದೆ ಹುಡುಗ್ರ ಕಾಲಕ್ಕೆ?’ ಆಮೇಲೆ ಓಣಿ ಯಾರದು, ಹಿಂದಿನ ಜಾಗಕ್ಕೆ ನೀವು ಹೋಗುವುದು ಎಲ್ಲಿಂದ, ನಡುವೆ ಗೋಡೆ ಎದ್ದರೆ ಯಾರ ಖರ್ಚು, ಯಾರ ನೆಲದಲ್ಲಿ, ಸೂರಿನ ನೀರು ಯಾವ ಕಡೆ ಬೀಳಬೇಕು ಎಂದೆಲ್ಲ ಕೇಳಿದರು. ಕೇಳಿ ಬರೆದದ್ದು ಮೂರೇ ಸಾಲು: ಚರಂಡಿಯ ಒಳ ಅಂಚಿನಿಂದ ಅಳತೆ, ಓಣಿಯಲ್ಲಿ ಇಬ್ಬರಿಗೂ ಓಡಾಟದ ಹಕ್ಕು, ದಕ್ಷಿಣದ ಗೋಡೆ ಜಂಟಿ. ಹಿಂದಿನ ಪುಟಗಳಲ್ಲಿ ಅವರೂ ನಿಧಿ ನಿಕ್ಷೇಪವನ್ನು ಧಾರಾಳವಾಗಿ ದಾನ ಮಾಡಿದ್ದರು, ಆ ಮಾತು ಬೇರೆ.

ಬಡಾವಣೆಯ ಸೈಟುಗಳಲ್ಲಿ ಇಷ್ಟು ಒದ್ದಾಟವಿಲ್ಲ. ಮಂಜೂರಾದ ನಕ್ಷೆ ಇರುತ್ತದೆ, ಗಡಿಗೆ ಸೈಟಿನ ನಂಬರೇ ಸಾಕು: ಈ ಪಕ್ಕದ್ದು 13, ಆ ಪಕ್ಕದ್ದು 15. ಫ್ಲ್ಯಾಟಿನ ಎ, ಬಿ, ಸಿ ಷೆಡ್ಯೂಲುಗಳದು ಬೇರೆಯೇ ಪುರಾಣ, ಇಲ್ಲಿ ಬೇಡ.

ನನ್ನ ನಿಜವಾದ ಜಗಳ ಸರಳಗನ್ನಡದ ಗೆಳೆಯರೊಂದಿಗೆ. ಆಡಳಿತ ಕನ್ನಡದ ಬಗ್ಗೆ ಸಭೆ ನಡೆದಾಗಲೆಲ್ಲ ಕ್ರಯಪತ್ರವನ್ನು ಎತ್ತಿ ತೋರಿಸಿ ನಗುವುದು ಅವರ ವಾಡಿಕೆ. ‘ಶುದ್ಧಕ್ರಯಪತ್ರದ ಕ್ರಮವೇನೆಂದರೆ’ ಎಂದು ಶುರುವಾಗಿ ಪೂರ್ಣವಿರಾಮವಿಲ್ಲದೆ ಎರಡು ಪುಟ ಓಡುವ ವಾಕ್ಯ ಕಂಡರೆ ನಗು ಬರುವುದು ಸಹಜ. ಮೊದಲ ಪುಟಗಳ ಮಟ್ಟಿಗೆ ನಾನೂ ಅವರೊಂದಿಗೆ ನಗುತ್ತೇನೆ. ಆದರೆ ‘ಸಾಮಾನ್ಯ ಜನರಿಗೆ ಅರ್ಥವಾಗುವುದಿಲ್ಲ’ ಎಂಬ ಅವರ ವಾದ ಕೊನೆಯ ಪುಟಕ್ಕೆ ಬರುತ್ತಲೇ ಸುಳ್ಳಾಗುತ್ತದೆ. ಓದು ಬಾರದ ಅಜ್ಜಿ ತನ್ನ ಮನೆಯ ಚಕ್ಕುಬಂದಿಯನ್ನು ಗಡಗಡ ಹೇಳುತ್ತಾಳೆ. ಅವಳಿಗೆ ಅರ್ಥವಾಗದ್ದು ‘ಇನ್ನು ಮುಂದೆ ಕ್ರಯದಾರರೆಂದು ಸಂಬೋಧಿಸಲ್ಪಡುವ’ ಎಂಬ, ಬೆಂಗಳೂರಿನ ಇಂಗ್ಲಿಷ್ ಕರಡಿನಿಂದ ಇಳಿದುಬಂದ ಕನ್ನಡ. ಸರಳಗೊಳಿಸುವ ಉತ್ಸಾಹದಲ್ಲಿ ಇದನ್ನು ಬಿಟ್ಟು, ಅವಳಿಗೆ ಬಾಯಿಪಾಠವಾಗಿದ್ದ ಭಾಗವನ್ನೇ ನಮೂನೆಯ ನಾಲ್ಕು ಚೌಕಗಳಾಗಿ ಕತ್ತರಿಸಿದ್ದಾಯಿತು. ಕಂಪ್ಯೂಟರಿನ ಮುಂದೆ ಕೂತ ಹುಡುಗ ಆ ನಾಲ್ಕು ಚೌಕಗಳನ್ನು ತುಂಬುವ ಬಗೆ ನೋಡಿ: ರಸ್ತೆ, ಖಾಸಗಿ ಸ್ವತ್ತು, ಖಾಸಗಿ ಸ್ವತ್ತು, ಖಾಸಗಿ ಸ್ವತ್ತು. ಇದಕ್ಕಿಂತ ಸರಳವಾದ ಕನ್ನಡ ಇನ್ನೊಂದಿಲ್ಲ. ಬೀದಿಯಲ್ಲಿರುವ ಯಾವ ಮನೆಗೂ ಇದು ಒಪ್ಪುತ್ತದೆ.

ಅವರ ಉತ್ತರವೂ ನನಗೆ ಗೊತ್ತು: ಈಗ ಚಕ್ಕುಬಂದಿ ಯಾರಿಗೆ ಬೇಕು, 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ, ಬೆಂಗಳೂರಿನ ಇ-ಖಾತಾದಲ್ಲಿ ಮನೆಯ ಫೋಟೊ, ಅಕ್ಷಾಂಶ, ರೇಖಾಂಶ ಎಲ್ಲ ಇದೆಯಲ್ಲ? ಇದೆ. ಮನೆ ಯಾವ ಬೀದಿಯಲ್ಲಿದೆ ಎಂದು ತೋರಿಸಲು ಅಷ್ಟು ಸಾಕು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರು ಆಚೀಚೆ ತೋರಿಸುತ್ತದೆ. ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಒಂದೂವರೆ ಅಡಿಗೆ. ಒಂದು ಚುಕ್ಕೆ ಮನೆಯ ನಡುವನ್ನು ತೋರಿಸಬಹುದು. ಅಂಚು ಎಲ್ಲಿ ಎಂಬುದಕ್ಕೆ ಯಾರಾದರೂ ಇಬ್ಬರನ್ನೂ ಕೂರಿಸಿಕೊಂಡು ಚರಂಡಿಯ ಪ್ರಶ್ನೆ ಕೇಳಲೇಬೇಕು.

ತಮಾಷೆಯೆಂದರೆ, ಈ ಕೊನೆಯ ಪುಟದ ಬೆಲೆ ಚೆನ್ನಾಗಿ ತಿಳಿದಿದ್ದದ್ದು ಯಾವ ಭಾಷಾಭಿಮಾನಿಗೂ ಅಲ್ಲ, 1908ರ ನೋಂದಣಿ ಕಾಯಿದೆಗೆ. ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರವಿಲ್ಲದ ಪತ್ರವನ್ನು ನೋಂದಣಿಗೆ ತೆಗೆದುಕೊಳ್ಳಲೇಬಾರದು ಎನ್ನುತ್ತದೆ ಅದರ 21ನೇ ಕಲಮು. ಪೇಟೆಯ ಮನೆಯಾದರೆ ಯಾವ ಬೀದಿಯ ಯಾವ ಮಗ್ಗುಲಿಗಿದೆ, ಈಗ ಅದರಲ್ಲಿ ಯಾರಿದ್ದಾರೆ, ಹಿಂದೆ ಯಾರಿದ್ದರು ಎಂಬುದನ್ನೂ ಬರೆಯಬೇಕಂತೆ. ಹಿಂದೆ ಯಾರಿದ್ದರು! ಕಾಯಿದೆಯೊಂದು ಇಂಥ ಪ್ರಶ್ನೆ ಕೇಳಿದ್ದಕ್ಕೆ ಮೆಚ್ಚಬೇಕು. ಉತ್ತರ ಬರೆದ ಕ್ರಯಪತ್ರವನ್ನು ನಾನಂತೂ ಕಂಡಿಲ್ಲ. ಕಾಣುವುದು ಕಷ್ಟವೂ ಹೌದು, ಯಾಕೆಂದರೆ ಪಕ್ಕದ 22ನೇ ಕಲಮು ಒಂದು ಕೈ ಮುಂದೆ ಹೋಗಿ, ಸ್ವತ್ತು ಗುರುತಿಗೆ ಸಿಕ್ಕರೆ ಸಾಕು, ಈ ವಿವರಗಳು ತಪ್ಪಿದವೆಂದು ಪತ್ರಕ್ಕೆ ನೋಂದಣಿ ತಪ್ಪುವುದಿಲ್ಲ ಎಂದು ವಿನಾಯಿತಿ ಕೊಟ್ಟಿದೆ. ಮೂರು ಸಲ ‘ಖಾಸಗಿ ಸ್ವತ್ತು’ ತುಂಬಿದ ಷೆಡ್ಯೂಲುಗಳು ದಿನವೂ ನುಸುಳುವುದು ಈ ಸಂದಿಯಲ್ಲೇ. ಮಾರನೆಯ ದಿನ ಇ.ಸಿ.ಗೆ ಅರ್ಜಿ ಹಾಕಿದರೆ ಆ ಮೂರನ್ನೂ ನಿಷ್ಠೆಯಿಂದ ನಕಲು ಮಾಡಿ ಕೊಡುತ್ತಾರೆ.