ಕಿರುತೆರೆಯ ಕಥನ ಮತ್ತು ಜನಪದ ನಿರೂಪಣೆ: ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'

1

ಸಮೂಹ ಮಾಧ್ಯಮಗಳನ್ನು ಜಾನಪದ ಶಾಸ್ತ್ರವು ಬಹುಕಾಲ ತನ್ನ ವ್ಯಾಪ್ತಿಯ ಹೊರಗಿನವೆಂದೇ ಭಾವಿಸಿತ್ತು. ಪಠ್ಯಕ್ಕಿಂತ ಕಥೆ ಹೇಳುವ ಹಾಗೂ ಕೇಳುವ ಸಂದರ್ಭ ಮುಖ್ಯವೆಂಬ ತಿಳಿವಳಿಕೆ ಬಂದ ಮೇಲೆ ಈ ಗಡಿ ಸಡಿಲಗೊಂಡಿದೆ. ಈ ಹಿನ್ನೆಲೆಯಲ್ಲಿ ನಟರಾಗಿದ್ದು ದೂರದರ್ಶನ ನಿರ್ದೇಶಕರಾದ ಶಂಕರ್ ನಾಗ್ (1954-1990) ಅವರ ಸಾಧನೆಯನ್ನು ಪುನರ್ವಿಮರ್ಶೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹೊನ್ನಾವರದಲ್ಲಿ ಜನಿಸಿದ ಶಂಕರ್ ನಾಗ್ ಅವರು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಬಾಡಿಗೆ ಸೈನಿಕನ ಪಾತ್ರ ಅವರಿಗೆ 1979ರ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನು ತಂದುಕೊಟ್ಟಿತು. ಬೆಂಗಳೂರಿನಲ್ಲಿ 'ಸಂಕೇತ್' ತಂಡದ ಮೂಲಕ ನಾಟಕಗಳನ್ನು ಆಡಿಸುತ್ತಲೇ 'ಮಿಂಚಿನ ಓಟ' (1980), 'ಗೀತಾ' (1981) ಮುಂತಾದ ಚಿತ್ರಗಳನ್ನು ಅವರು ನಿರ್ದೇಶಿಸಿದರು. 'ಆಟೋ ರಾಜ'ದಂಥ ಚಿತ್ರಗಳಿಂದ ಜನಪ್ರಿಯ ನಾಯಕರೂ ಆದರು. ಆರ್.ಕೆ. ನಾರಾಯಣ್ ಅವರ ಇಂಗ್ಲಿಷ್ ಕಥೆಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ ಅವರು ರೂಪಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಪ್ರಸಾರವನ್ನು ಆರಂಭಿಸಿತು. ಅವರು ನಿರ್ದೇಶಿಸಿದ ಕಂತುಗಳು 39.

2

ದೀರ್ಘ ಕಥನವನ್ನು ಕಂತುಗಳಲ್ಲಿ ನಿರೂಪಿಸುವ ಕ್ರಮ ಕನ್ನಡಿಗರಿಗೆ ದೂರದರ್ಶನದಿಂದ ಬಂದದ್ದಲ್ಲ. ಮಲೆ ಮಾದೇಶ್ವರನ ಕಾವ್ಯವನ್ನು ಹಾಡುವ ಗಾಯಕರು ಅದನ್ನು 'ಸಾಲು'ಗಳಾಗಿ ವಿಂಗಡಿಸಿಕೊಳ್ಳುತ್ತಾರೆ. ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣವಾದದ್ದು. ಅದೇ ವೇಳೆಗೆ ದೊಡ್ಡದೊಂದು ಕಥೆಯ ಭಾಗವೂ ಹೌದು. ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಹಾಡುವಾಗಲೂ ಕೇಳುಗರಿಗೆ ನಾಯಕನ ಬಾಳು ಮೊದಲೇ ಪರಿಚಿತ. ಮುಂದೇನಾಗುವುದೆಂಬ ಕುತೂಹಲಕ್ಕಿಂತ, ಗೊತ್ತಿರುವುದನ್ನು ಈ ಗಾಯಕ ಹೇಗೆ ಹೇಳುತ್ತಾನೆ ಎಂಬುದೇ ಅಲ್ಲಿ ಅವರನ್ನು ಕೂರಿಸುತ್ತದೆ.

'ಮಾಲ್ಗುಡಿ ಡೇಸ್'ನ ರಚನೆ ಈ ಕ್ರಮಕ್ಕೆ ಸಮೀಪವಾದುದು. ಬಹುಪಾಲು ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತವೆ. ಸ್ವಾಮಿಯ ಕಥೆ ಹಲವು ಕಂತುಗಳಿಗೆ ಹಬ್ಬುತ್ತದೆ. ಎಲ್ಲವನ್ನೂ ಬಂಧಿಸುವುದು ಒಂದೇ ಊರು. ಗಣೆಯ ನಾದ ಜುಂಜಪ್ಪನ ಹಾಡಿಗೆ ಕೇಳುಗರನ್ನು ಸಿದ್ಧಗೊಳಿಸುವಂತೆ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಮತ್ತು ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ನೋಡುಗರನ್ನು ಕಥಾಲೋಕದೊಳಕ್ಕೆ ಕರೆದುಕೊಳ್ಳುತ್ತವೆ. ಟಿ.ವಿ. ಇದ್ದ ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದ ಆ ಕಾಲದಲ್ಲಿ ಸಾಮೂಹಿಕ ವೀಕ್ಷಣೆಯೂ ಈ ಸಾಮ್ಯವನ್ನು ಬಲಪಡಿಸಿತು. ಮುಂದೆ ಬಂದ ದೈನಂದಿನ ಧಾರಾವಾಹಿಗಳು ಕುತೂಹಲವನ್ನೇ ಬಂಡವಾಳವಾಗಿಸಿಕೊಂಡು ಈ ಹಾದಿಯಿಂದ ದೂರ ಸರಿದವು ಎಂಬುದನ್ನು ಇಲ್ಲಿ ಗಮನಿಸಬಹುದು.

3

ನಟನೊಬ್ಬ ನಿರ್ದೇಶಕನಾದುದರ ಫಲ ಅತಿ ಸ್ಪಷ್ಟವಾಗಿ ಕಾಣುವುದು ಪಾತ್ರಗಳ ಆಯ್ಕೆ ಮತ್ತು ನಿರ್ವಹಣೆಯಲ್ಲಿ. ಅಲ್ಪ ಸಂಬಳದ ಗುಮಾಸ್ತನ ಕಥೆ ಇದಕ್ಕೆ ಉತ್ತಮ ನಿದರ್ಶನ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟ ತಂದೆ ಕೆಲಸಕ್ಕೆ ರಾಜೀನಾಮೆ ನೀಡಲು ಹೊರಡುತ್ತಾನೆ. ಐದು ರೂಪಾಯಿಯ ಬಡ್ತಿ ಅವನ ಬಾಯಿ ಕಟ್ಟಿಸುತ್ತದೆ. ಅವನು ಮನೆ ಸೇರುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ. ಈ ಸೋತ ಗುಮಾಸ್ತನ ಪಾತ್ರಕ್ಕೆ ಶಂಕರ್ ನಾಗ್ ಆರಿಸಿಕೊಂಡದ್ದು ಕನ್ನಡದ ಅಗ್ರ ನಾಯಕ ವಿಷ್ಣುವರ್ಧನ್ ಅವರನ್ನು. ತಾವೇ ಜನಪ್ರಿಯ ನಾಯಕರಾಗಿದ್ದ ನಿರ್ದೇಶಕರಿಗೆ ಆ ಗತ್ತನ್ನು ಎಲ್ಲಿ ಇಳಿಸಿಡಬೇಕೆಂಬುದು ಗೊತ್ತಿತ್ತು.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್ ಅಭಿನಯಿಸಿದರು. ರಂಗಭೂಮಿಯಲ್ಲಿ ನುರಿತವರೂ ಬಾಲನಟರೂ ಒಂದೇ ಚೌಕಟ್ಟಿನಲ್ಲಿ ಸಮನಾಗಿ ಕಾಣಿಸಿಕೊಳ್ಳುವುದು ಈ ಸರಣಿಯ ವಿಶೇಷ. ನಾಟಕ ತಂಡ ಕಟ್ಟಿ ಬೆಳೆಸಿದವರ ಕಣ್ಣು ಈ ಸಮತೋಲನದ ಹಿಂದೆ ಕೆಲಸ ಮಾಡಿದೆ.

4

ಚಿತ್ರೀಕರಣಕ್ಕಾಗಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ಆರಿಸಿಕೊಂಡದ್ದು ಮತ್ತೊಂದು ಮಹತ್ವದ ಅಂಶ. ನಾರಾಯಣ್ ಅವರ ಮಾಲ್ಗುಡಿ ರೈಲು ನಿಲ್ದಾಣವುಳ್ಳ ಕಾಲ್ಪನಿಕ ಪಟ್ಟಣ. ಆಗುಂಬೆ ಮಳೆಯಲ್ಲಿ ತೋಯುವ ಘಟ್ಟದ ಊರು, ಅಲ್ಲಿ ರೈಲಿಲ್ಲ. ಭೌಗೋಳಿಕವಾಗಿ ಹೊಂದದ ಈ ಆಯ್ಕೆ ಭಾವನಾತ್ಮಕವಾಗಿ ಹೊಂದಿಕೊಂಡಿತು. 'ಗೈಡ್' (1965) ಚಿತ್ರವು ತಮ್ಮ ಕಥೆಯ ಊರನ್ನು ಉತ್ತರಕ್ಕೆ ಸಾಗಿಸಿದ್ದರ ಬಗ್ಗೆ ನಾರಾಯಣ್ ಅಸಮಾಧಾನಗೊಂಡಿದ್ದರೆಂಬುದನ್ನು ನೆನೆದರೆ, ದಕ್ಷಿಣದ ಜಗಲಿ, ಹೆಂಚಿನ ಮನೆ, ಬೀದಿಗಳನ್ನು ಉಳಿಸಿಕೊಂಡ ಈ ನಿರ್ಧಾರದ ಬೆಲೆ ತಿಳಿಯುತ್ತದೆ.

ಇದರ ಪರಿಣಾಮ ಜಾನಪದ ವಿದ್ವಾಂಸರಿಗೆ ಕುತೂಹಲಕರವಾದದ್ದು. ಪಾಂಡವರು ತಂಗಿದ ಗುಹೆ, ಸೀತೆ ಮಿಂದ ಕೊಳ ಎಂದು ಕಥೆಗಳನ್ನು ನೆಲಕ್ಕೆ ಅಂಟಿಸುವುದು ಸ್ಥಳ ಐತಿಹ್ಯದ ಸ್ವಭಾವ. ಆಗುಂಬೆಯ ದೊಡ್ಡಮನೆಯನ್ನು ಇಂದು ಪ್ರವಾಸಿಗರು 'ಸ್ವಾಮಿಯ ಮನೆ' ಎಂದೇ ನೋಡಲು ಬರುತ್ತಾರೆ. ಸರಣಿಯ ರೈಲು ದೃಶ್ಯಗಳು ಚಿತ್ರಿತವಾದ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಲಿಖಿತ ಕಥೆಯೊಂದು ಕಿರುತೆರೆಯ ಮೂಲಕ ಹಾದು, ಮೂಲ ಲೇಖಕನ ಕಲ್ಪನೆಯಲ್ಲಿಲ್ಲದ ನೆಲದಲ್ಲಿ ಐತಿಹ್ಯವಾಗಿ ಬೇರೂರಿದ ಅಪರೂಪದ ಉದಾಹರಣೆ ಇದು.

5

ಇಷ್ಟಾದರೂ ಒಂದು ಕೊರತೆಯನ್ನು ಹೇಳದೆ ವಿಮರ್ಶೆ ಪೂರ್ಣವಾಗುವುದಿಲ್ಲ. ಕನ್ನಡದ ನೆಲ, ಕನ್ನಡದ ನಟರು, ಕನ್ನಡದ ನಿರ್ದೇಶಕ ಇದ್ದೂ ಸರಣಿಯು ದೇಶಕ್ಕೆ ತಲುಪಿದ್ದು ಮುಖ್ಯವಾಗಿ ಹಿಂದಿಯಲ್ಲಿ. ರಾಷ್ಟ್ರೀಯ ಪ್ರಸಾರದ ಅಗತ್ಯ ಇದಕ್ಕೆ ಕಾರಣ. ಮೂಲ ಕಥೆಗಳೇ ಇಂಗ್ಲಿಷಿನವೆಂಬ ಸಮರ್ಥನೆಯೂ ಉಂಟು. ಆದರೆ ನಾರಾಯಣ್ ಅವರ ಇಂಗ್ಲಿಷಿನ ಅಡಿಯಲ್ಲಿ ಮೈಸೂರು ಸೀಮೆಯ ಮಾತಿನ ಲಯವಿದೆ. ಮೌಖಿಕ ಪರಂಪರೆಯಲ್ಲಿ ಕಥೆಯನ್ನು ಅದು ಹುಟ್ಟಿದ ನುಡಿಯಿಂದ ಬಿಡಿಸಿದರೆ ಉಳಿಯುವುದು ಆಶಯ ಮಾತ್ರ; ಅಜ್ಜಿಯ ಗದರಿಕೆಯಲ್ಲಿನ ಅಕ್ಕರೆ, ಬೀದಿ ಜಗಳದ ಬೈಗುಳ, ಗಾದೆಯ ಕುಟುಕು ಸೋರಿಹೋಗುತ್ತವೆ. ಮುಖ, ಮೈಮಾತು ಮತ್ತು ಮೌನಗಳಿಂದ ಶಂಕರ್ ನಾಗ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟರು. ಪೂರ್ತಿ ತುಂಬಲು ಯಾವ ನಿರ್ದೇಶಕನಿಗೂ ಸಾಧ್ಯವಿರಲಿಲ್ಲ. ರಾಷ್ಟ್ರೀಯ ಮಾಧ್ಯಮವು ಪ್ರಾದೇಶಿಕ ಪ್ರತಿಭೆಯನ್ನು ಬರಮಾಡಿಕೊಳ್ಳುವಾಗ ಅದರ ನುಡಿಯನ್ನು ಬಾಗಿಲಲ್ಲೇ ಬಿಟ್ಟುಬರಲು ಹೇಳುವ ಈ ರೂಢಿಯನ್ನು ಸರಣಿಯ ಜನಪ್ರಿಯತೆ ಮರೆಮಾಚಬಾರದು.

6

ಜನಪದ ಕಥೆಗಳ ಆರಂಭಸೂತ್ರವನ್ನೇ ಶೀರ್ಷಿಕೆಯಾಗಿ ಹೊಂದಿದ ಚಿತ್ರದಿಂದ ಶಂಕರ್ ನಾಗ್ ನಾಡಿಗೆ ಪರಿಚಿತರಾದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಅಪಘಾತಕ್ಕೆ ಈಡಾದಾಗ ಅವರು 'ಜೋಕುಮಾರಸ್ವಾಮಿ'ಯ ಚಿತ್ರೀಕರಣಕ್ಕೆ ಹೊರಟಿದ್ದರು. ಅದೂ ಜನಪದ ಆಚರಣೆಯಿಂದ ಚಂದ್ರಶೇಖರ ಕಂಬಾರರು ಎತ್ತಿಕೊಂಡ ವಸ್ತು. 2006ರಲ್ಲಿ ಕವಿತಾ ಲಂಕೇಶ್ ಅವರು ಮಾಲ್ಗುಡಿಯ ಕಂತುಗಳನ್ನು ಮುಂದುವರಿಸಿದರು. ಜನರ ನೆನಪಿನಲ್ಲಿ ನಿಂತದ್ದು ಮೊದಲ ಸರಣಿಯೇ. 35ನೆಯ ವಯಸ್ಸಿಗೆ ಮುಗಿದ ಈ ವೃತ್ತಿಜೀವನದಲ್ಲಿ ನಟನ ಶಿಸ್ತು ಮತ್ತು ಕಥೆಗಾರನ ಸಂಯಮ ಕಿರುತೆರೆಯಲ್ಲಿ ಒಂದಾದವು. ಕಿರುತೆರೆಯನ್ನು ಜಾನಪದ ಅಧ್ಯಯನದ ಆಕರವಾಗಿ ಸ್ವೀಕರಿಸುವ ಸಂಶೋಧಕರಿಗೆ 'ಮಾಲ್ಗುಡಿ ಡೇಸ್' ಅದು ಗಳಿಸಿದ್ದರಿಂದಲೂ ಬಿಟ್ಟುಕೊಟ್ಟದ್ದರಿಂದಲೂ ಸಮಾನವಾಗಿ ಉಪಯುಕ್ತವಾಗಿದೆ.